ಹೊಟ್ಟೆಯ ಸಮತೋಲನ: ನಮ್ಮ ಹಕೀಮರು ಬಿಟ್ಟುಹೋದ ಪಾಠ



ನಮ್ಮ ತಡಸ, ಶಿಗ್ಗಾಂವಿ, ಸವಣೂರು, ಹಾನಗಲ್ ಭಾಗದ ಮಾತಿಗೆ ಒಂದು ದಿನ ಸುಮ್ಮನೆ ಕಿವಿಗೊಡಿರಿ. ಆಸ್ಪತ್ರೆಗೆ ನಾವು ‘ದವಾಖಾನಿ’ ಎನ್ನುತ್ತೇವೆ. ಆರೋಗ್ಯ ವಿಚಾರಿಸುವಾಗ ‘ತಬ್ಯತ್ ಹೆಂಗೈತಿ?’ ಎಂದು ಕೇಳುತ್ತೇವೆ. ಭೇದಿಯಾದರೆ ‘ಜುಲಾಬು’ ಹತ್ತಿತು ಎನ್ನುತ್ತೇವೆ. ಬಿಗುಮಾನದ ಮನುಷ್ಯನನ್ನು ಕಂಡರೆ ‘ಅವನ ಮಿಜಾಜು ನೋಡು’ ಎನ್ನುತ್ತೇವೆ. ಹಿಂದೂ ಮುಸ್ಲಿಂ ಎನ್ನದೆ ಎಲ್ಲರ ಬಾಯಲ್ಲೂ ಓಡಾಡುವ ಈ ಪದಗಳು ಅರಬ್ಬಿ ಮತ್ತು ಪಾರ್ಸಿ ಭಾಷೆಗಳಿಂದ ಬಂದವು. ಅವು ಬಂದದ್ದು ಯುನಾನಿ ವೈದ್ಯಶಾಸ್ತ್ರದ ಜೊತೆಗೆ.

‘ಜುಲಾಬು’ ಪದದ ಪ್ರಯಾಣವನ್ನೇ ನೋಡಿರಿ. ಪಾರ್ಸಿಯಲ್ಲಿ ‘ಗುಲಾಬ್’ ಎಂದರೆ ಗುಲಾಬಿ ನೀರು. ಅದು ಅರಬ್ಬಿಗೆ ಹೋಗಿ ‘ಜುಲಾಬ್’ ಎಂಬ ಸಿಹಿ ಪಾನಕವಾಯಿತು. ಹಕೀಮರು ಕಹಿ ಮದ್ದನ್ನು ಇಂಥ ಪಾನಕದಲ್ಲಿ ಕೊಡುತ್ತಿದ್ದರು. ಬರಬರುತ್ತಾ ಹೊಟ್ಟೆ ತೊಳೆಯುವ ಮದ್ದಿಗೇ ಆ ಹೆಸರು ನಿಂತಿತು. ನಮ್ಮಲ್ಲಿ ಮದ್ದನ್ನು ಬಿಟ್ಟು ಭೇದಿಗೇ ಜುಲಾಬು ಎಂಬ ಹೆಸರು ಬಂದಿದೆ. ‘ಮಿಜಾಜು’ ಎಂಬ ಪದಕ್ಕೆ ಮೂಲದಲ್ಲಿ ‘ಬೆರಕೆ’ ಎಂದು ಅರ್ಥ. ಮನುಷ್ಯನ ದೇಹದಲ್ಲಿ ಬಿಸಿ, ತಂಪು, ಹಸಿ, ಒಣ ಎಂಬ ನಾಲ್ಕು ಗುಣಗಳು ಬೆರೆತಿವೆ, ಬೆರಕೆ ಹದವಾಗಿದ್ದರೆ ಆರೋಗ್ಯ, ಹದ ತಪ್ಪಿದರೆ ರೋಗ ಎಂದು ಹಕೀಮರು ನಂಬಿದ್ದರು. ಆ ಹದಕ್ಕೆ ಅವರು ಇಟ್ಟ ಹೆಸರು ‘ಏತಿದಾಲ್’, ಅಂದರೆ ಸಮತೋಲನ.

ಪದಗಳು ನಮ್ಮ ಬಾಯಲ್ಲಿ ಉಳಿದಿವೆ. ಆದರೆ ಅವುಗಳ ಹಿಂದಿನ ವಿದ್ಯೆ ಮತ್ತು ಶಿಸ್ತು ನಮ್ಮ ಮನೆಗಳಲ್ಲಿ ಉಳಿದಿದೆಯೇ? ಹೊಟ್ಟೆಯ ಆರೋಗ್ಯವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ತಾಯಿಫ್‌ನಿಂದ ಬಗ್ದಾದ್‌ವರೆಗೆ

‘ಹೊಟ್ಟೆಯೇ ರೋಗದ ಮನೆ’ ಎಂಬ ಮಾತನ್ನು ನಮ್ಮಲ್ಲಿ ಅನೇಕರು ಹದೀಸ್ ಎಂದು ಹೇಳುವುದುಂಟು. ಇದು ಪ್ರವಾದಿ(ಸ)ರ ಮಾತಲ್ಲ, ತಾಯಿಫ್‌ನ ವೈದ್ಯ ಹಾರಿಸ್ ಬಿನ್ ಕಲದಾ ಅವರ ಮಾತು ಎಂದು 14ನೇ ಶತಮಾನದ ವಿದ್ವಾಂಸ ಇಮಾಮ್ ಇಬ್ನ್ ಅಲ್ ಕಯ್ಯಿಮ್ ಸ್ಪಷ್ಟಪಡಿಸಿದ್ದಾರೆ. ಮಾತು ಎಷ್ಟೇ ಒಳ್ಳೆಯದಿದ್ದರೂ ಅದು ಯಾರದು ಎಂದು ಪರೀಕ್ಷಿಸಿದ ಮೇಲೆಯೇ ಒಪ್ಪಬೇಕು ಎಂಬುದು ನಮ್ಮ ಹಿರಿಯರ ಪದ್ಧತಿಯಾಗಿತ್ತು. ಪ್ರವಾದಿ(ಸ)ರು ಹೇಳಿದ್ದೆಂದು ತಿರ್ಮಿದಿ ಸಂಗ್ರಹದಲ್ಲಿ ಬಂದಿರುವ ಮಾತು ಬೇರೆಯೇ ಇದೆ. ಮನುಷ್ಯನು ತುಂಬುವ ಪಾತ್ರೆಗಳಲ್ಲಿ ಹೊಟ್ಟೆಗಿಂತ ಕೆಟ್ಟದ್ದಿಲ್ಲ, ಬೆನ್ನು ನೆಟ್ಟಗಿರಿಸುವಷ್ಟು ಕೆಲವು ತುತ್ತು ಅವನಿಗೆ ಸಾಕು, ಅದಕ್ಕಿಂತ ಹೆಚ್ಚು ಬೇಕೇ ಬೇಕೆಂದರೆ ಮೂರರಲ್ಲಿ ಒಂದು ಪಾಲು ಊಟಕ್ಕೆ, ಒಂದು ಪಾಲು ನೀರಿಗೆ, ಒಂದು ಪಾಲು ಉಸಿರಿಗೆ ಬಿಡಬೇಕು ಎಂಬುದು ಅದರ ಸಾರಾಂಶ. ತಿನ್ನಿರಿ, ಕುಡಿಯಿರಿ, ಆದರೆ ಮಿತಿ ಮೀರಬೇಡಿರಿ ಎಂಬ ಆದೇಶ ಪವಿತ್ರ ಕುರ್‌ಆನಿನ ಅಲ್ ಅಅ್‌ರಾಫ್ ಅಧ್ಯಾಯದಲ್ಲಿದೆ.

ಈ ಬುನಾದಿಯ ಮೇಲೆ ಮುಂದಿನ ಶತಮಾನಗಳಲ್ಲಿ ದೊಡ್ಡ ವಿದ್ಯೆಯೇ ಬೆಳೆಯಿತು. 9ನೇ ಶತಮಾನದ ಬಗ್ದಾದಿನಲ್ಲಿ ಹುನೈನ್ ಬಿನ್ ಇಸ್ಹಾಕ್ ಎಂಬ ಕ್ರೈಸ್ತ ವಿದ್ವಾಂಸರು ಗ್ರೀಕ್ ವೈದ್ಯ ಗ್ಯಾಲೆನ್‌ನ (ನಮ್ಮ ಉರ್ದುವಿನ ಜಾಲೀನೂಸ್) ಗ್ರಂಥಗಳನ್ನು ಸಿರಿಯಾಕ್ ಮತ್ತು ಅರಬ್ಬಿಗೆ ತಂದರು. ಸುಮಾರು 850ರಲ್ಲಿ ಅಲಿ ಬಿನ್ ರಬ್ಬನ್ ತಬರಿ ಬರೆದ ‘ಫಿರ್ದೌಸುಲ್ ಹಿಕ್ಮತ್’ ಗ್ರಂಥದಲ್ಲಿ ಭಾರತೀಯ ವೈದ್ಯಕ್ಕೇ ಒಂದು ಭಾಗ ಮೀಸಲಾಗಿದೆ. ಚರಕ, ಸುಶ್ರುತರ ವಿದ್ಯೆ ಅಷ್ಟು ಹಿಂದೆಯೇ ಅರಬ್ಬಿ ಓದುಗರಿಗೆ ತಲುಪಿತ್ತು. ರಯ್ಯ್ ಪಟ್ಟಣದ ಅಬೂಬಕರ್ ರಾಜಿ ಅವರು ‘ವೈದ್ಯನು ಸಿಗದವನಿಗಾಗಿ’ ಎಂಬ ಅರ್ಥದ ಹೆಸರಿಟ್ಟು ಜನಸಾಮಾನ್ಯರಿಗೆ ಒಂದು ಪುಸ್ತಕ ಬರೆದರು. ಆಹಾರದಿಂದ ವಾಸಿಯಾಗುವಲ್ಲಿ ಮದ್ದು ಕೊಡಬೇಡಿರಿ ಎಂಬುದು ಅವರ ಸಲಹೆ. ಗ್ಯಾಲೆನ್‌ನನ್ನು ಗುರುವಿನಂತೆ ಕಂಡ ಅವರೇ ಗ್ಯಾಲೆನ್‌ನ ತಪ್ಪುಗಳನ್ನು ಎತ್ತಿ ತೋರಿಸಿ ಇನ್ನೊಂದು ಗ್ರಂಥ ಬರೆದರು. 10ನೇ ಶತಮಾನದಲ್ಲಿ ಇಂದಿನ ಟ್ಯುನಿಷಿಯಾದ ಕೈರವಾನ್ ಪಟ್ಟಣದ ಇಬ್ನುಲ್ ಜಝ್ಝಾರ್ ಹೊಟ್ಟೆಯ ರೋಗಗಳ ಮೇಲೆಯೇ ಪ್ರತ್ಯೇಕ ಗ್ರಂಥ ಬರೆದರು, ಬಡವರಿಗಾಗಿ ಅಗ್ಗದ ಔಷಧಗಳ ಇನ್ನೊಂದು ಪುಸ್ತಕವನ್ನೂ ಬರೆದರು. ಇಬ್ನ್ ಸೀನಾ (980–1037) ಈ ಎಲ್ಲವನ್ನೂ ‘ಅಲ್ ಕಾನೂನ್’ ಗ್ರಂಥದಲ್ಲಿ ಕ್ರಮಬದ್ಧಗೊಳಿಸಿದರು. ಹಸಿಯದೆ ಉಣ್ಣಬೇಡ, ಇನ್ನೂ ಸ್ವಲ್ಪ ಹಸಿವು ಇರುವಾಗಲೇ ಕೈ ತೊಳೆ, ಮೊದಲಿನ ಊಟ ಅರಗುವ ಮುನ್ನ ಮತ್ತೆ ತಿನ್ನಬೇಡ ಎಂಬುದು ಅವರ ಉಪದೇಶದ ತಿರುಳು.

ಬೀದರ್ ಮತ್ತು ವಿಜಾಪುರ

ಈ ವಿದ್ಯೆ ನಮ್ಮ ಕನ್ನಡ ನಾಡಿಗೆ ಹೇಗೆ ಬಂತು? ಬಹಮನಿ ಸುಲ್ತಾನ ಎರಡನೇ ಅಲಾವುದ್ದೀನ್ ಅಹಮದ್ ಷಾ (ಆಳ್ವಿಕೆ 1436–1458) ಬೀದರಿನಲ್ಲಿ ಒಂದು ದಾರುಶ್ಶಿಫಾ, ಅಂದರೆ ದೊಡ್ಡ ಆಸ್ಪತ್ರೆ ಕಟ್ಟಿಸಿದನು. ರೋಗಿಗಳ ಔಷಧ ಮತ್ತು ಊಟದ ಖರ್ಚಿಗೆಂದು ಕೆಲವು ಹಳ್ಳಿಗಳ ಉತ್ಪನ್ನವನ್ನು ಬಿಟ್ಟುಕೊಟ್ಟನು. ಅಲ್ಲಿ ಮುಸ್ಲಿಂ ಹಕೀಮರನ್ನೂ ಹಿಂದೂ ವೈದ್ಯರನ್ನೂ ನೇಮಿಸಿದನು. ಈ ಸಂಗತಿಯನ್ನು ನಮಗೆ ತಿಳಿಸಿದವರು ಇತಿಹಾಸಕಾರ ಮುಹಮ್ಮದ್ ಖಾಸಿಂ ಫಿರಿಶ್ತಾ.

ಫಿರಿಶ್ತಾ 1589ರಲ್ಲಿ ಅಹಮದ್‌ನಗರದಿಂದ ವಿಜಾಪುರಕ್ಕೆ ಬಂದು ಎರಡನೇ ಇಬ್ರಾಹಿಂ ಆದಿಲ್ ಷಾನ ಆಶ್ರಯದಲ್ಲಿ ನೆಲೆಸಿದರು. ನಮ್ಮ ಬಂಕಾಪುರದ ಕೋಟೆಯೂ ಆಗ ಆದಿಲ್‌ಶಾಹಿಗಳ ಕೈಯಲ್ಲೇ ಇತ್ತು. ಪಠ್ಯಪುಸ್ತಕಗಳಲ್ಲಿ ನಾವು ಫಿರಿಶ್ತಾ ಅವರನ್ನು ಇತಿಹಾಸಕಾರರೆಂದು ಮಾತ್ರ ಓದುತ್ತೇವೆ. ಅವರು ‘ದಸ್ತೂರುಲ್ ಅತಿಬ್ಬಾ’ ಎಂಬ ವೈದ್ಯ ಗ್ರಂಥವನ್ನೂ ಪಾರ್ಸಿಯಲ್ಲಿ ಬರೆದಿದ್ದಾರೆ. ಈ ನಾಡಿನ ವೈದ್ಯರ ವಿದ್ಯೆಯನ್ನು ಮುಸ್ಲಿಂ ಓದುಗರಿಗೆ ತಿಳಿಸುವುದು ಅದರ ಉದ್ದೇಶ. ಅದಕ್ಕೂ ಮುಂಚೆ, 1512ರಲ್ಲಿ, ಉತ್ತರದಲ್ಲಿ ಸಿಕಂದರ್ ಲೋದಿಯ ಮಂತ್ರಿ ಮಿಯಾನ್ ಭುವಾ ಇಂಥದೇ ಕೆಲಸ ಮಾಡಿದ್ದರು. ಗ್ರೀಕ್ ಪದ್ಧತಿ ಈ ನಾಡಿನ ಹವೆಗೂ ಜನರ ಪ್ರಕೃತಿಗೂ ಪೂರ್ತಿ ಹೊಂದುವುದಿಲ್ಲ, ಆದ್ದರಿಂದ ಇಲ್ಲಿನ ವಿದ್ಯೆಯನ್ನು ಕಲಿಯಬೇಕು ಎಂಬುದು ಅವರ ವಾದವಾಗಿತ್ತು.

ಓದುಗರು ಇದನ್ನು ಗಮನಿಸಬೇಕು. ನಮ್ಮ ಹಿರಿಯರು ತಮ್ಮದನ್ನು ಬಿಡಲಿಲ್ಲ, ನೆರೆಯವರದನ್ನು ಕಲಿಯಲು ನಾಚಿಕೊಳ್ಳಲೂ ಇಲ್ಲ. ಇಂದಿಗೂ ನಮ್ಮ ಅಡುಗೆಮನೆ ಇದಕ್ಕೆ ಸಾಕ್ಷಿ. ಗ್ರಹಣಿ ಎಂಬ ಕರುಳಿನ ಬೇನೆಗೆ ಚರಕ ಸಂಹಿತೆ ಮಜ್ಜಿಗೆಯನ್ನು ಹೊಗಳುತ್ತದೆ. ಹಕೀಮರ ‘ಜವಾರಿಶ್ ಕಮೂನಿ’ ಎಂಬ ಲೇಹ್ಯದ ಮುಖ್ಯ ವಸ್ತು ಜೀರಿಗೆ. ನಮ್ಮ ಮನೆಯ ಒಗ್ಗರಣೆ ಮಜ್ಜಿಗೆಯಲ್ಲಿ ಎರಡೂ ಸೇರಿವೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಇಸಬಗೋಲಿನ ಹೆಸರೂ ಪಾರ್ಸಿಯದು. ‘ಅಸ್ಪ್’ ಎಂದರೆ ಕುದುರೆ. ಬೀಜದ ಆಕಾರ ಕುದುರೆಯ ಕಿವಿಯಂತಿದೆ ಎಂದು ಆ ಹೆಸರು.

ಹೊಟ್ಟೆ ಕೊಡುವ ಸೂಚನೆಗಳು

ಹಕೀಮರು ರೋಗ ಗುರುತಿಸಲು ಮೂರನ್ನು ನೋಡುತ್ತಿದ್ದರು: ನಬ್ಜ್ (ನಾಡಿ), ಕಾರೂರಾ (ಮೂತ್ರ), ಬರಾಜ್ (ಮಲ). ಮೂರನೆಯದರ ಮಾತೆತ್ತಿದರೆ ನಾವು ಮುಖ ತಿರುಗಿಸುತ್ತೇವೆ. ಆದರೆ 1997ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈದ್ಯರು ಮಲದ ರೂಪವನ್ನು 7 ಬಗೆಯಾಗಿ ವಿಂಗಡಿಸಿದ ಒಂದು ಕೋಷ್ಟಕ ಪ್ರಕಟಿಸಿದರು. ಇಂದು ಜಗತ್ತಿನ ಆಸ್ಪತ್ರೆಗಳಲ್ಲಿ ಅದು ಬಳಕೆಯಲ್ಲಿದೆ. ಕುರಿಯ ಹಿಕ್ಕೆಯಂತೆ ಗಟ್ಟಿಯಿದ್ದರೆ ಮಲಬದ್ಧತೆ, ನೀರಾಗಿದ್ದರೆ ಭೇದಿ, ನಡುವೆ ಮೆತ್ತಗೆ ಒಂದೇ ರೂಪದಲ್ಲಿದ್ದರೆ ಆರೋಗ್ಯ. ದಿನಕ್ಕೆ 3 ಸಲದಿಂದ ವಾರಕ್ಕೆ 3 ಸಲದವರೆಗೆ ಹೋಗುವುದು ಸಹಜ. ದಿನಾ ಬೆಳಿಗ್ಗೆ ಆಗಲೇಬೇಕೆಂದು ಜುಲಾಬಿನ ಮಾತ್ರೆ ನುಂಗುವುದು ತಪ್ಪು.

ಊಟವಾದ ಮೇಲೆ ಹೊಟ್ಟೆ ಉಬ್ಬರ, ಹುಳಿತೇಗು, ಎದೆಯುರಿ, ಹಸಿವಾಗದಿರುವುದು, ಒಮ್ಮೆ ಮಲಬದ್ಧತೆ ಒಮ್ಮೆ ಭೇದಿ, ಪರೀಕ್ಷೆಯ ದಿನ ಹೊಟ್ಟೆ ಹಿಂಡುವುದು — ಇವು ಹೊಟ್ಟೆಯ ಹದ ತಪ್ಪಿದ ಸಾಮಾನ್ಯ ಸೂಚನೆಗಳು. ಬಹಳ ಸಲ ಊಟ, ನಿದ್ದೆ, ನಡಿಗೆ ಸರಿಪಡಿಸಿದರೆ ಇವು ತಹಬಂದಿಗೆ ಬರುತ್ತವೆ.

ಆದರೆ ಕೆಲವು ಸೂಚನೆಗಳನ್ನು ಮನೆಮದ್ದಿನ ಮೇಲೆ ಬಿಡಬಾರದು. ಮಲದಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ತೊಂದರೆ, ನಿಲ್ಲದ ವಾಂತಿ, ಕಣ್ಣು ಹಳದಿಯಾಗುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ನಡುವಯಸ್ಸು ದಾಟಿದವರಲ್ಲಿ ಹೊಸದಾಗಿ ಶುರುವಾಗಿ ವಾರಗಟ್ಟಲೆ ಉಳಿದ ಬದಲಾವಣೆ — ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಭೇದಿಯಾದ ಮಗುವಿನ ಕಣ್ಣು ಗುಳಿಬಿದ್ದು, ಬಾಯಿ ಒಣಗಿ, ಮೂತ್ರ ನಿಂತು, ಮಗು ಮಂಕಾದರೆ ಗಂಟೆಗಳ ಲೆಕ್ಕದಲ್ಲಿ ಜೀವಕ್ಕೆ ಅಪಾಯವಿದೆ.

ಆರು ಅಗತ್ಯಗಳು

ಕೆಟ್ಟ ಹದವನ್ನು ಮತ್ತೆ ತರುವುದು ಹೇಗೆ? ಹಕೀಮರು ಮದ್ದಿಗಿಂತ ಮುಂಚೆ ‘ಅಸ್ಬಾಬೆ ಸಿತ್ತಾ ಜರೂರಿಯಾ’ ಎಂಬ ಆರು ಅಗತ್ಯಗಳನ್ನು ಸರಿಪಡಿಸುತ್ತಿದ್ದರು. ಅವುಗಳನ್ನು ಇಂದಿನ ತಿಳುವಳಿಕೆಯೊಂದಿಗೆ ಒಂದೊಂದಾಗಿ ನೋಡೋಣ.

ಮೊದಲನೆಯದು ಹವೆ, ಅಂದರೆ ಸುತ್ತಲಿನ ಪರಿಸರ. ನೀರನ್ನು ಕುದಿಸಿ ಕುಡಿಯುವ ಗುಣವನ್ನು ಇಬ್ನ್ ಸೀನಾ ಬರೆದಿದ್ದಾರೆ. ಊಟದ ಮುಂಚೆ ಮತ್ತು ಶೌಚದ ನಂತರ ಸೋಪಿನಿಂದ ಕೈ ತೊಳೆಯುವುದು ಇದರಲ್ಲೇ ಸೇರುತ್ತದೆ. ಕರುಳಿನ ಹುಳುಗಳ ವಿಷಯವೂ ‘ಕಾನೂನ್’ ಗ್ರಂಥದಲ್ಲಿದೆ. 2015ರಿಂದ ಶಾಲೆಗಳಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಕೆಲವು ಪಾಲಕರು ಹೆದರಿ ಆ ದಿನ ಮಕ್ಕಳನ್ನು ಶಾಲೆಗೇ ಕಳಿಸುವುದಿಲ್ಲ. ದಯವಿಟ್ಟು ಕಳಿಸಿರಿ.

ಎರಡನೆಯದು ಆಹಾರ ಮತ್ತು ಪಾನೀಯ. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಜೋಳದ ರೊಟ್ಟಿ, ಕಾಳುಪಲ್ಯ, ಮೆಂತ್ಯೆ ಸೊಪ್ಪು, ಹಣ್ಣುಗಳಲ್ಲಿದೆ. ಮೈದಾದ ಖಾರಿ, ಟೋಸ್ಟ್ ಮತ್ತು ಪ್ಯಾಕೆಟ್ ತಿಂಡಿಯಲ್ಲಿ ಇಲ್ಲವೆಂದೇ ಹೇಳಬೇಕು. ನಮ್ಮ ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿ ಮತ್ತು ರಾಗಿಯ ನಡುವೆ ಜಗಳ ಹಚ್ಚಿ, ಕೊನೆಗೆ ಶ್ರೀರಾಮನಿಂದ ಬಡವರ ರಾಗಿಗೆ ಗೆಲುವು ಕೊಡಿಸಿದರು. ಈಗ ಆಹಾರತಜ್ಞರೂ ರಾಗಿಯ ಪಕ್ಷದಲ್ಲಿದ್ದಾರೆ. ರಂಜಾನ್ ತಿಂಗಳಲ್ಲಿ ಹಗಲೆಲ್ಲ ಹೊಟ್ಟೆಗೆ ವಿಶ್ರಾಂತಿ ಕೊಟ್ಟು, ಇಫ್ತಾರ್‌ನಲ್ಲಿ ಸಮೋಸಾ, ಭಜಿ, ಬಿರಿಯಾನಿಯನ್ನು ಒಮ್ಮೆಲೇ ಹೇರುವುದು ರೋಜಾದ ಆಶಯಕ್ಕೂ ಹೊಟ್ಟೆಗೂ ಒಗ್ಗದು.

ಮೂರನೆಯದು ದೇಹದ ಚಲನೆ ಮತ್ತು ವಿಶ್ರಾಂತಿ. ನಡೆದಾಡುವವನ ಕರುಳೂ ನಡೆಯುತ್ತದೆ. ನಾಲ್ಕನೆಯದು ಮನಸ್ಸಿನ ಚಲನೆ ಮತ್ತು ವಿಶ್ರಾಂತಿ. ಕರುಳಿನ ಗೋಡೆಯಲ್ಲಿ 10 ಕೋಟಿಗೂ ಹೆಚ್ಚು ನರಕೋಶಗಳಿದ್ದು ಮೆದುಳಿನೊಂದಿಗೆ ಸದಾ ಸಂಪರ್ಕದಲ್ಲಿವೆ ಎಂದು ಇಂದು ಗೊತ್ತಾಗಿದೆ. ಚಿಂತೆ ಮಾಡುವವನ ಹೊಟ್ಟೆ ಕೆಡುವುದು ನೆಪವಲ್ಲ. ಐದನೆಯದು ನಿದ್ದೆ ಮತ್ತು ಎಚ್ಚರ. ರಾತ್ರಿ 12ರವರೆಗೆ ಮೊಬೈಲ್ ನೋಡಿ, ಬೆಳಿಗ್ಗೆ ಬರೀ ಚಹಾ ಕುಡಿದು ಓಡುವ ವಿದ್ಯಾರ್ಥಿ ಇದನ್ನು ಮುರಿಯುತ್ತಾನೆ. ಆರನೆಯದು ತಡೆಯುವಿಕೆ ಮತ್ತು ವಿಸರ್ಜನೆ. ಕರೆ ಬಂದಾಗ ಹೋಗಬೇಕು, ತಡೆಹಿಡಿಯಬಾರದು. ಈ ಆರನೆಯದರ ಬಗ್ಗೆ ಕೊನೆಯಲ್ಲಿ ಮತ್ತೆ ಹೇಳುತ್ತೇನೆ.

ಉಳಿದದ್ದು ಮತ್ತು ಬದಲಾದದ್ದು

ಇಷ್ಟು ಹೇಳಿ ‘ಎಲ್ಲವೂ ನಮ್ಮ ಹಳೆಯ ಗ್ರಂಥಗಳಲ್ಲಿದೆ’ ಎಂದು ಮುಗಿಸಿದರೆ ಅದು ಹಿರಿಯರಿಗೆ ಮಾಡುವ ಅನ್ಯಾಯ. ರಕ್ತ, ಕಫ, ಪಿತ್ತ, ಕರಿಪಿತ್ತ ಎಂಬ ನಾಲ್ಕು ರಸಗಳ ಸಿದ್ಧಾಂತವನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಕರುಳಿನಲ್ಲಿ ಸೂಕ್ಷ್ಮಜೀವಿಗಳಿವೆ ಎಂಬುದು ಇಬ್ನ್ ಸೀನಾ ಅವರಿಗೆ ತಿಳಿದಿರಲಿಲ್ಲ. 1885ರಲ್ಲಿ ಥಿಯೋಡರ್ ಎಷರಿಚ್ ಎಂಬ ಮಕ್ಕಳ ವೈದ್ಯರು ಶಿಶುಗಳ ಮಲದಲ್ಲಿ ಒಂದು ಬ್ಯಾಕ್ಟೀರಿಯಾ ಗುರುತಿಸಿದರು. 1907ರಲ್ಲಿ ರಷ್ಯಾದ ಇಲ್ಯಾ ಮೆಚ್ನಿಕೋವ್ ಮೊಸರಿನ ಬ್ಯಾಕ್ಟೀರಿಯಾಗಳು ಆರೋಗ್ಯಕ್ಕೆ ಒಳ್ಳೆಯವೆಂದು ವಾದಿಸಿದರು. ಒಬ್ಬ ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ, ಬಹುಪಾಲು ದೊಡ್ಡ ಕರುಳಿನಲ್ಲಿವೆ ಎಂದು 2016ರ ಒಂದು ಅಂದಾಜು ಹೇಳುತ್ತದೆ. ನಾವು ತಿನ್ನುವ ನಾರು ಅವುಗಳ ಆಹಾರ. ನೆಗಡಿಗೂ ಭೇದಿಗೂ ಅಂಗಡಿಯಿಂದ ಆ್ಯಂಟಿಬಯಾಟಿಕ್ ತಂದು ನುಂಗಿದರೆ ಕೆಟ್ಟವುಗಳ ಜೊತೆ ಒಳ್ಳೆಯವೂ ಸಾಯುತ್ತವೆ, ಹದ ತಪ್ಪುತ್ತದೆ.

ಇನ್ನೊಂದು ಉದಾಹರಣೆ. ಹೊಟ್ಟೆಯ ಹುಣ್ಣಿಗೆ ಖಾರ ಮತ್ತು ಚಿಂತೆಯೇ ಕಾರಣವೆಂದು ಬಹುಕಾಲ ನಂಬಿದ್ದರು. ನಮ್ಮ ಹಾವೇರಿ ಜಿಲ್ಲೆಯ ಹೆಮ್ಮೆಯಾದ ಬ್ಯಾಡಗಿ ಮೆಣಸಿನಕಾಯಿ ಈ ಅಪವಾದ ಹೊತ್ತಿತ್ತು. ಅಮೆರಿಕ ಖಂಡದ ಮೆಣಸಿನಕಾಯಿ ಪೋರ್ಚುಗೀಸರ ಜೊತೆ ಭಾರತಕ್ಕೆ ಬಂದದ್ದೇ 16ನೇ ಶತಮಾನದಲ್ಲಿ. ಹೊಟ್ಟೆಹುಣ್ಣು ಅದಕ್ಕಿಂತ ಬಹಳ ಹಿಂದಿನದು. 1982ರಲ್ಲಿ ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಹುಣ್ಣಿಗೆ ಕಾರಣವಾಗುವ ಬ್ಯಾಕ್ಟೀರಿಯಾವನ್ನು ಪತ್ತೆ ಹಚ್ಚಿದರು. ಜನ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ತಾವೇ ಅದನ್ನು ಕುಡಿದು ಕಾಯಿಲೆ ಬಿದ್ದು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹುಣ್ಣಿಗೆ ಇನ್ನೊಂದು ದೊಡ್ಡ ಕಾರಣ, ಮೊಣಕಾಲು ನೋವಿಗೆಂದು ನಮ್ಮ ಹಿರಿಯರು ದಿನಾ ನುಂಗುವ ನೋವಿನ ಮಾತ್ರೆ. ಖಾರದಿಂದ ಇದ್ದ ಉರಿ ಹೆಚ್ಚಬಹುದು, ಹುಣ್ಣು ಹುಟ್ಟುವುದಿಲ್ಲ.

ಭೇದಿಯ ವಿಷಯದಲ್ಲೂ ಹೀಗೆಯೇ. 1971ರ ಬಾಂಗ್ಲಾ ಯುದ್ಧದಲ್ಲಿ ಗಡಿಯ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿತು. ಸಲೈನ್ ಬಾಟಲಿಗಳು ತೀರಿದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರು ಕುಡಿಸಿ ಸಾವಿರಾರು ಜೀವ ಉಳಿಸಿದರು. ಅದೇ ಇಂದಿನ ಓ.ಆರ್.ಎಸ್. ಪೊಟ್ಟಣ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿರಿ. ಭೇದಿಯಾದಾಗ ಮಗುವಿಗೆ ಊಟ, ನೀರು, ಎದೆಹಾಲು ನಿಲ್ಲಿಸುವ ರೂಢಿಯನ್ನು ಬಿಡಲೇಬೇಕು. ಜೇನು ನಮಗೆ ಪ್ರಿಯವಾದ ಮದ್ದು, ಆದರೆ ಒಂದು ವರ್ಷದೊಳಗಿನ ಶಿಶುವಿಗೆ ನೆಕ್ಕಿಸಬಾರದು. ಅಪರೂಪದ, ಆದರೆ ಪ್ರಾಣಾಂತಿಕವಾದ ನಂಜು ಅದರಿಂದ ಬರಬಹುದು.

ಇದನ್ನೆಲ್ಲ ಒಪ್ಪಿಕೊಂಡರೆ ಹಕೀಮರಿಗೆ ದ್ರೋಹ ಮಾಡಿದಂತಲ್ಲ. ಗ್ಯಾಲೆನ್‌ನನ್ನು ಪ್ರಶ್ನಿಸಿದ ರಾಜಿ, ವೈದ್ಯರಿಂದ ಕಲಿತ ಫಿರಿಶ್ತಾ ಇಂದು ಇದ್ದಿದ್ದರೆ ಇದನ್ನೇ ಮಾಡುತ್ತಿದ್ದರು.

ಒಂದು ಚಿಲಕದ ಕಥೆ

ಆರನೆಯ ಅಗತ್ಯಕ್ಕೆ ಮತ್ತೆ ಬರುತ್ತೇನೆ. ಹಿಂದೆ ನಾನು ಕಲಿಸುತ್ತಿದ್ದ ಒಂದು ಶಾಲೆಯಲ್ಲಿ ಎಂಟನೇ ಇಯತ್ತೆಯ ಹುಡುಗಿಯೊಬ್ಬಳು ವಾರಕ್ಕೆರಡು ಸಲ ಹೊಟ್ಟೆನೋವೆಂದು ಮನೆಗೆ ಹೋಗುತ್ತಿದ್ದಳು. ಗಣಿತದ ಪಾಠ ತಪ್ಪಿಸಲು ಮಾಡುವ ನಾಟಕವೆಂದು ನಾವು ಶಿಕ್ಷಕರು ನಕ್ಕೆವು. ಮನೆಯವರು ದೃಷ್ಟಿ ತೆಗೆಸಿದರು, ತಾಯಿತ ಕಟ್ಟಿಸಿದರು. ಕೊನೆಗೆ ವೈದ್ಯರೊಬ್ಬರು ಕೇಳಿದರು: ದಿನಕ್ಕೆ ಎಷ್ಟು ನೀರು ಕುಡಿಯುತ್ತೀ? ಬೆಳಿಗ್ಗೆ ಮನೆ ಬಿಟ್ಟರೆ ಸಂಜೆಯವರೆಗೆ ಒಂದು ಗುಟುಕೂ ಇಲ್ಲ ಎಂದಳು. ಯಾಕೆ? ಶಾಲೆಯ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕವಿರಲಿಲ್ಲ, ನಲ್ಲಿಯಲ್ಲಿ ನೀರೂ ಇರಲಿಲ್ಲ. ನೀರು ಕುಡಿದರೆ ಹೋಗಬೇಕಾಗುತ್ತದೆಂದು ಅವಳು ಕುಡಿಯುವುದನ್ನೇ ಬಿಟ್ಟಿದ್ದಳು. ಕರೆ ಬಂದರೂ ತಡೆಹಿಡಿದು ತಡೆಹಿಡಿದು ಮಲಬದ್ಧತೆ ಬಲಿತಿತ್ತು.

ಅವಳ ರೋಗದ ಹೆಸರು ಇಬ್ನ್ ಸೀನಾ ಅವರ ಪಟ್ಟಿಯಲ್ಲಿ ಸಾವಿರ ವರ್ಷಗಳ ಹಿಂದೆಯೇ ಇತ್ತು: ಇಹ್ತಿಬಾಸ್, ತಡೆಹಿಡಿಯುವಿಕೆ. ಉರ್ದು ಬಲ್ಲ ನಾನು ಆ ಪದ ಓದಿದ್ದೆ. ಆದರೂ ನನ್ನ ತರಗತಿಯ ಮೂರನೇ ಬೆಂಚಿನಲ್ಲಿ ಕುಳಿತಿದ್ದ ಮಗುವಿನಲ್ಲಿ ಅದನ್ನು ಗುರುತಿಸಲಿಲ್ಲ. ಆ ನಾಚಿಕೆ ಇಂದಿಗೂ ನನ್ನಲ್ಲಿದೆ. ಈ ಲೇಖನ ಬರೆಯಲು ಅದೇ ಕಾರಣ. ನಾವೇ ನಾಲ್ಕು ಜನ ಶಿಕ್ಷಕರು ಹಣ ಹಾಕಿ ಚಿಲಕ ಹಾಕಿಸಿದೆವು, ಒಂದು ಡ್ರಮ್ಮು ನೀರು ಇಡಿಸಿದೆವು. ಅವಳ ಹೊಟ್ಟೆನೋವು ಕ್ರಮೇಣ ನಿಂತಿತು, ಹಾಜರಿಯೂ ಸುಧಾರಿಸಿತು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ಹೊಟ್ಟೆ ಹೇಳುವುದನ್ನು ಕೇಳಿರಿ, ಹೇಳಲು ನಾಚಬೇಡಿರಿ. ಪಾಲಕರೇ, ಮಗು ಹೊಟ್ಟೆನೋವೆಂದಾಗ ನಾಟಕವೆನ್ನುವ ಮುಂಚೆ ನಾಲ್ಕು ಪ್ರಶ್ನೆ ಕೇಳಿರಿ: ಏನು ತಿಂದೆ, ಎಷ್ಟು ನೀರು ಕುಡಿದೆ, ಯಾವಾಗ ಮಲಗಿದೆ, ಶೌಚಕ್ಕೆ ಹೋಗಿದ್ದೆಯಾ? ಸಂಘದ ಸದಸ್ಯರಲ್ಲಿ ನನ್ನದೊಂದು ವಿನಂತಿ. ಬಹಮನಿ ಸುಲ್ತಾನನು ರೋಗಿಗಳಿಗಾಗಿ ಹಳ್ಳಿಗಳ ಉತ್ಪನ್ನ ಬಿಟ್ಟುಕೊಟ್ಟ ಇತಿಹಾಸವನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅಷ್ಟು ನಮ್ಮಿಂದಾಗದು. ಆದರೆ ನಮ್ಮ ಮಕ್ಕಳು ಓದುವ ಪ್ರತಿಯೊಂದು ಶಾಲೆ ಮತ್ತು ಮದ್ರಸಾಕ್ಕೆ ಈ ವರ್ಷ ಒಮ್ಮೆ ಹೋಗಿ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು ತೆರೆದು ನೋಡುವುದು, ಚಿಲಕ, ನೀರು, ಸೋಪು ಇಲ್ಲದಿದ್ದರೆ ಇಡಿಸುವುದು ನಮ್ಮಿಂದ ಆಗುವ ಕೆಲಸ. ಹಕೀಮರ ಪಾಠವನ್ನು ಓದಿದ್ದಕ್ಕೆ ಅದು ಸಾಕ್ಷಿಯಾದೀತು.

ಅಲ್ಲಾಹನು ನಮಗೆಲ್ಲ ಆರೋಗ್ಯವನ್ನೂ ಅದನ್ನು ಕಾಪಾಡಿಕೊಳ್ಳುವ ವಿವೇಕವನ್ನೂ ಕರುಣಿಸಲಿ. ಆಮೀನ್.